ಹುಡುಗನೂ ಮುಂದೆ ಹೋಗಬೇಕು, ತಂಡವೂ ಉಳಿಯಬೇಕು: ಸಣ್ಣ ಫುಟ್‌ಬಾಲ್ ಕ್ಲಬ್ ನಡೆಸುವವರಿಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಸಣ್ಣ ಫುಟ್‌ಬಾಲ್ ಕ್ಲಬ್ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವಳು. ಸಂಜೆಯಾದರೆ ನಮ್ಮ ಓಣಿಯ ಕ್ಲಬ್‌ನ ಖಜಾಂಚಿ. ಆಟ ಕಲಿಸುವುದು ಕೋಚ್ ಕೆಲಸ. ಆದರೆ ಒಳ್ಳೆ ಹುಡುಗನೊಬ್ಬನನ್ನು ದೊಡ್ಡ ಕ್ಲಬ್ ಕೇಳಿಕೊಂಡು ಬಂದಾಗ ಎದುರಿಗೆ ಕೂತು ಮಾತಾಡುವುದು ನನ್ನ ಪಾಲಿಗೆ ಬರುತ್ತದೆ.

ಪ್ರಶ್ನೆ ಎಲ್ಲ ಕಡೆ ಒಂದೇ. ಹುಡುಗನನ್ನು ಬಿಟ್ಟುಕೊಟ್ಟರೆ ಲೀಗ್‌ನಲ್ಲಿ ಸೋಲುತ್ತೇವೆ. ಹಿಡಿದಿಟ್ಟುಕೊಂಡರೆ ಕ್ಲಬ್‌ಗೆ ದುಡ್ಡಿಲ್ಲ, ಹುಡುಗನೂ ಇಲ್ಲೇ ಉಳಿದುಬಿಡುತ್ತಾನೆ. ಇದಕ್ಕೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಅವನ ಜಾಗಕ್ಕೆ ಬರುವವನು ಆಗಲೇ ನಿಮ್ಮ ತಂಡದಲ್ಲಿ ಆಡುತ್ತಿದ್ದರೆ ಕಳಿಸಿ. ಬೆಲೆ, ಕಾಗದ, ಚೌಕಾಸಿ ಎಲ್ಲ ಆಮೇಲಿನ ಮಾತು.

ನಿಮಗೆ ಯಾವ ದುಡ್ಡು ಬರುತ್ತದೆ, ಯಾವುದು ಬರುವುದಿಲ್ಲ

ಟಿವಿಯಲ್ಲಿ ಕೇಳುವ ಕೋಟಿಗಟ್ಟಲೆ ಟ್ರಾನ್ಸ್‌ಫರ್ ಫೀ ಸಿಗುವುದು ಆಟಗಾರನ ಜೊತೆ ವೃತ್ತಿಪರ ಕರಾರು ಇದ್ದು, ಅದರ ಅವಧಿ ಇನ್ನೂ ಬಾಕಿ ಇದ್ದಾಗ ಮಾತ್ರ. ನಮ್ಮ ಹುಡುಗರು ಹವ್ಯಾಸಿಗಳು. ಸಂಬಳ ಇಲ್ಲ, ಕರಾರು ಇಲ್ಲ. ಹಾಗಾಗಿ ‘ಇವನಿಗೆ ಐದು ಲಕ್ಷ ಕೊಡಿ’ ಅಂತ ಕೇಳಿದರೆ ಎದುರಿನವರು ಕೊಡಲೇಬೇಕು ಅಂತೇನೂ ಇಲ್ಲ. ಇದು ಗೊತ್ತಿಲ್ಲದೆ ಮಾತಿಗೆ ಕೂತರೆ ಮೊದಲ ಐದು ನಿಮಿಷದಲ್ಲೇ ನಮ್ಮ ಕೈ ಕೆಳಗಾಗುತ್ತದೆ.

ಆದರೆ ಬೇರೆ ದಾರಿಗಳಿವೆ. ಒಂದು, ತರಬೇತಿ ಪರಿಹಾರ. ಹುಡುಗನ 12ರಿಂದ 21ನೇ ವಯಸ್ಸಿನ ನಡುವೆ ಯಾವ ಯಾವ ಕ್ಲಬ್ ಅವನನ್ನು ತಯಾರು ಮಾಡಿತೋ ಆ ಕ್ಲಬ್‌ಗಳಿಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಲ್ಲಿ ಸಲ್ಲುವ ಹಣ ಇದು. ಬೇರೆ ದೇಶದಲ್ಲಿ ಅವನು ಮೊದಲ ಸಲ ವೃತ್ತಿಪರನಾಗಿ ಸಹಿ ಹಾಕಿದಾಗ ಇದು ಲೆಕ್ಕಕ್ಕೆ ಬರುತ್ತದೆ. ವೃತ್ತಿಪರನಾದ ಮೇಲೆ, 23 ತುಂಬುವ ವರ್ಷದ ಕೊನೆಯವರೆಗೆ ದೇಶದಿಂದ ದೇಶಕ್ಕೆ ಹೋದಾಗಲೂ ಬರುತ್ತದೆ. ದೇಶದೊಳಗೇ ಕ್ಲಬ್ ಬದಲಿಸಿದರೆ ನಮ್ಮ ರಾಷ್ಟ್ರೀಯ ಸಂಸ್ಥೆ ಎಐಎಫ್‌ಎಫ್‌ನ ನಿಯಮ ನಡೆಯುತ್ತದೆ. ಅದರ ನಿಯಮ ಪುಸ್ತಕ ಆಗಾಗ ಬದಲಾಗುತ್ತದೆ. ಆ ವರ್ಷದ್ದನ್ನೇ ಇಳಿಸಿಕೊಂಡು, ತರಬೇತಿ ಪರಿಹಾರದ ಪುಟ ಪ್ರಿಂಟ್ ತೆಗೆದು ಫೈಲಿನಲ್ಲಿಡಿ. ಮಾತಿಗೆ ಕೂತಾಗ ಆ ಪುಟ ಮೇಜಿನ ಮೇಲೆ ಇದ್ದರೆ ಎದುರಿನವರ ಧ್ವನಿಯೇ ಬೇರೆ ಆಗುತ್ತದೆ.

ಇನ್ನೊಂದು, ಸಾಲಿಡಾರಿಟಿ ಪಾಲು. ಆಟಗಾರ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ದುಡ್ಡಿಗೆ ಹೋದರೆ ಆ ಮೊತ್ತದ ಶೇ 5ರಷ್ಟನ್ನು ಅವನು 12ರಿಂದ 23ರವರೆಗೆ ಆಡಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗೆ ಸೀಸನ್‌ಗೆ ಶೇ 0.25, 16ರಿಂದ 23ರವರೆಗೆ ಸೀಸನ್‌ಗೆ ಶೇ 0.5. ಲೆಕ್ಕ ಹಾಕಿ ನೋಡಿ. ಹುಡುಗ 13ರಿಂದ 17ರವರೆಗೆ ನಿಮ್ಮಲ್ಲಿ ಆಡಿದ ಅಂದುಕೊಳ್ಳಿ. ಮೂರು ಸೀಸನ್‌ಗೆ 0.75, ಎರಡು ಸೀಸನ್‌ಗೆ 1. ಒಟ್ಟು ಶೇ 1.75. ಮುಂದೆ ಎಂದೋ ಅವನು ಒಂದು ಕೋಟಿಗೆ ವಿದೇಶಕ್ಕೆ ಹೋದರೆ ನಿಮಗೆ ಒಂದು ಲಕ್ಷ ಎಪ್ಪತ್ತೈದು ಸಾವಿರ. ನಮ್ಮ ಕಡೆಯ ಹುಡುಗನಿಗೆ ಅಂಥ ದಿನ ಅಪರೂಪ, ನಿಜ. ಆದರೂ ಸಣ್ಣ ಕ್ಲಬ್‌ಗೆ ಇದು ವರ್ಷದ ಚೆಂಡು, ಬೂಟು, ಬಸ್ ಖರ್ಚು. ಬಿಡುವ ಹಣ ಅಲ್ಲ.

ಮೂರನೆಯದು ಖಾಸಗಿ ಒಪ್ಪಂದ. ‘ಈಗ ನಮಗೆ ಏನೂ ಬೇಡ, ಮುಂದೆ ನೀವು ಇವನನ್ನು ಮಾರಿದರೆ ಬಂದದ್ದರಲ್ಲಿ ನೂರಕ್ಕೆ ಇಷ್ಟು ನಮಗೆ’ ಅಂತ ಬರೆಸಿಕೊಳ್ಳುವುದು. ಕರಾರಿಲ್ಲದ ಹುಡುಗರಿರುವ ನಮ್ಮಂಥವರಿಗೆ ಇದೇ ಹೆಚ್ಚು ಉಪಯೋಗದ್ದು. ಕೊಡುವವರಿಗೂ ಇವತ್ತು ಕೈಯಿಂದ ಬಿಚ್ಚುವ ಕೆಲಸವಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಊರಲ್ಲಿ ಯಾರಾದರೂ ದಾನಿ ಬಂದು ‘ಹುಡುಗನ ಖರ್ಚು ನಾನು ನೋಡ್ಕೋತೀನಿ, ನಾಳೆ ಅವನ ಟ್ರಾನ್ಸ್‌ಫರ್‌ನಲ್ಲಿ ನನಗೊಂದು ಪಾಲು’ ಅಂದರೆ ಕೈ ಮುಗಿದು ಬೇಡ ಅನ್ನಿ. ಕ್ಲಬ್ಬೂ ಅಲ್ಲದ, ಆಟಗಾರನೂ ಅಲ್ಲದ ಮೂರನೆಯವರು ಆಟಗಾರನ ಮೇಲೆ ಹಕ್ಕು ಇಟ್ಟುಕೊಳ್ಳುವುದನ್ನು ಫಿಫಾ 2015ರ ಮೇ 1ರಿಂದ ನಿಷೇಧಿಸಿದೆ. ಹುಡುಗನ ಮೇಲೆ ಸಾಲದ ಹೊರೆ ಹೊರಿಸುವ ಹಾಗೆ ಇದು. ನನಗೆ ನೋಡಿದರೇ ಸಿಟ್ಟು ಬರುತ್ತದೆ.

ಒಬ್ಬ ಹುಡುಗನಿಗೆ ಎರಡು ಪುಟ

ಮೇಲಿನ ಯಾವ ದುಡ್ಡೂ ಕಾಗದ ಇಲ್ಲದೆ ಬರುವುದಿಲ್ಲ. ಹುಡುಗ ಐದು ವರ್ಷ ನಿಮ್ಮ ಮೈದಾನದಲ್ಲೇ ಬೆಳೆದಿರಬಹುದು. ಎಐಎಫ್‌ಎಫ್‌ನ ಆನ್‌ಲೈನ್ ನೋಂದಣಿಯಲ್ಲಿ ಅವನ ಹೆಸರಿನ ಮುಂದೆ ನಿಮ್ಮ ಕ್ಲಬ್ ಇಲ್ಲದಿದ್ದರೆ ಫುಟ್‌ಬಾಲ್ ಲೋಕಕ್ಕೆ ಆ ಐದು ವರ್ಷ ನಡೆದೇ ಇಲ್ಲ. ಅದಕ್ಕೆ ದೊಡ್ಡ ಟೂರ್ನಿಯ ಕನಸಿಗಿಂತ ಮುಂಚೆ ಈ ಕೆಲಸ ಮಾಡಿ. ರಾಜ್ಯ ಸಂಸ್ಥೆಯ ಮೂಲಕ ಕ್ಲಬ್ ಸೇರಿಸಿ, ಹುಡುಗರನ್ನು 12ಕ್ಕೇ ನೋಂದಾಯಿಸಿ, ಪ್ರತಿ ಸೀಸನ್ ನವೀಕರಿಸಿ. ಕ್ಲಬ್ ಕೂಡ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿರಲಿ. ಸಂಘದ ಹೆಸರಿನಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇರಲಿ. ಅಧ್ಯಕ್ಷರ ಸ್ವಂತ ಖಾತೆಗೆ ಬಂದ ದುಡ್ಡು ಎಷ್ಟು ಪ್ರಾಮಾಣಿಕವಾಗಿ ಖರ್ಚಾದರೂ ಜಗಳಕ್ಕೆ ಕಾರಣ ಆಗುತ್ತದೆ.

ನಾನು ಇಟ್ಟಿರುವುದು ಅಂಗಡಿಯಲ್ಲಿ ಬಳಸುವಂಥದ್ದೇ ಉದ್ದನೆಯ ಕೆಂಪು ಖಾತೆ ಪುಸ್ತಕ. ಒಬ್ಬ ಹುಡುಗನಿಗೆ ಎದುರುಬದುರು ಎರಡು ಪುಟ. ಎಡಗಡೆ ಜನನ ಪ್ರಮಾಣಪತ್ರದ ಪ್ರತಿ ಅಂಟಿಸಿರುತ್ತೇನೆ. ಕೆಳಗೆ ನೋಂದಣಿ ಸಂಖ್ಯೆ, ಸೀಸನ್, ಸೇರಿದ ದಿನ, ಪಾಲಕರ ಸಹಿ. ಜನನ ದಿನಾಂಕದ ವಿಷಯದಲ್ಲಿ ರಾಜಿ ಬೇಡ. ವಯಸ್ಸಿನ ಗುಂಪಿನ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಹುಡುಗನ ಹೆಸರೂ ಹೋಯಿತು, ಕ್ಲಬ್‌ನದೂ ಹೋಯಿತು.

ಬಲಗಡೆ ಆಟದ ಲೆಕ್ಕ. ಯಾವ ಪಂದ್ಯ, ಎಷ್ಟು ನಿಮಿಷ, ಯಾವ ಜಾಗದಲ್ಲಿ. ಗಾಯ ಆಗಿದ್ದರೆ ಅದು. ಪುಟದ ಮೇಲ್ತುದಿಯಲ್ಲಿ ಪೆನ್ಸಿಲ್‌ನಿಂದ ಇನ್ನೊಂದು ಹೆಸರು ಬರೆದಿರುತ್ತೇನೆ. ಇವನು ನಾಳೆ ಹೋದರೆ ಈ ಜಾಗದಲ್ಲಿ ಆಡುವವನು ಯಾರು ಅನ್ನುವ ಹೆಸರು. ಕೋಚ್ ಜೊತೆ ಕೂತು ತಿಂಗಳಿಗೊಮ್ಮೆ ಅದನ್ನು ನೋಡುತ್ತೇವೆ, ಬೇಕಾದರೆ ಅಳಿಸಿ ಬೇರೆ ಬರೆಯುತ್ತೇವೆ. ಆ ಜಾಗ ಖಾಲಿ ಇದ್ದರೆ ಈ ಹುಡುಗ ಇವತ್ತು ಹೋಗುವ ಸ್ಥಿತಿಯಲ್ಲಿ ಇಲ್ಲ ಅಂತ ಅರ್ಥ. ಆಗ ಕೋಚ್‌ಗೆ ನಾನು ಹೇಳುವುದು ಒಂದೇ: ‘ಸರ್, ಈ ಹೆಸರು ತುಂಬಿಸಿ.’

ಸೀಸನ್ ಶುರುವಾಗುವ ಮುಂಚೆ ಎರಡು ಸಾಲು ಬರೆದಿಡಿ

ಆಸೆ ಎಲ್ಲರಿಗೂ ಇರುತ್ತದೆ. ಆದರೆ ‘ಚೆನ್ನಾಗಿ ಆಡಬೇಕು’ ಅನ್ನುವುದು ಗುರಿ ಅಲ್ಲ. ಈ ವರ್ಷ ಏನು ಬೇಕು? ಇರುವ ಡಿವಿಷನ್‌ನಲ್ಲೇ ಉಳಿಯಬೇಕಾ, ಮೇಲೆ ಹೋಗಬೇಕಾ, 15ರೊಳಗಿನವರ ತಂಡ ಕಟ್ಟಬೇಕಾ? ಒಂದನ್ನು ಆರಿಸಿ, ಕಮಿಟಿ ಸಭೆಯ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿ. ಮೊದಲ ಸಾಲು ಅದು.

ಎರಡನೇ ಸಾಲು: ಗುರಿ ತಲುಪಬೇಕಾದರೆ ಸೀಸನ್ ಮಧ್ಯದಲ್ಲಿ ಯಾರನ್ನು ಕಳಿಸುವಂತಿಲ್ಲ. ಮೂರು ಹೆಸರಿಗಿಂತ ಜಾಸ್ತಿ ಬೇಡ. ಈ ಮಾತನ್ನು ಆ ಹುಡುಗರಿಗೂ, ಅವರ ಮನೆಯವರಿಗೂ ಮೊದಲೇ ಹೇಳಿ. ‘ಮೇ ತಿಂಗಳವರೆಗೆ ನಮ್ಮ ಜೊತೆ ಇರು, ಆಮೇಲೆ ಯಾರು ಕೇಳಿದರೂ ನಾವೇ ಮುಂದೆ ನಿಂತು ಕಳಿಸುತ್ತೇವೆ’ ಅಂದರೆ ಹುಡುಗರು ಕೇಳುತ್ತಾರೆ. ಕಳಿಸುವ ಭರವಸೆ ಇದ್ದಾಗ ಉಳಿಯುವುದು ಕಷ್ಟ ಅನಿಸುವುದಿಲ್ಲ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ಹಠ. ಆಟಗಾರ ಹೋದಾಗ ಬಂದ ಹಣದಿಂದ ತಿಂಗಳ ಖರ್ಚು ಮಾಡಬಾರದು. ಕೋಚ್ ಸಂಬಳ, ಮೈದಾನದ ಬಾಡಿಗೆ, ನೀರು, ಸುಣ್ಣ, ಪಂದ್ಯದ ದಿನದ ತಿಂಡಿ ಇವೆಲ್ಲ ತಿಂಗಳ ಶುಲ್ಕ ಮತ್ತು ದೇಣಿಗೆಯಲ್ಲೇ ನಡೆಯಬೇಕು. ನಡೆಯುತ್ತಿಲ್ಲ ಅಂದರೆ ಖರ್ಚು ಕಡಿಮೆ ಮಾಡಿ, ಇಲ್ಲ ದೇಣಿಗೆ ಹೆಚ್ಚಿಸಿ. ಒಂದು ಸಲ ಸಂಬಳಕ್ಕೆ ಆಟಗಾರನ ದುಡ್ಡು ಬಳಸಿದರೆ ಮುಂದಿನ ವರ್ಷವೂ ಯಾರನ್ನಾದರೂ ಕಳಿಸಲೇಬೇಕಾಗುತ್ತದೆ. ಕೇಳುವವರಿಗೆ ಅದು ವಾಸನೆ ಹತ್ತುತ್ತದೆ. ಅರ್ಧ ಬೆಲೆಗೆ, ಸೀಸನ್ ಮಧ್ಯದಲ್ಲಿ, ಅವರು ಹೇಳಿದ ದಿನ ಕಳಿಸಬೇಕಾಗುತ್ತದೆ.

ಯಾರು ಹೋಗಬಹುದು, ಯಾರು ಸ್ವಲ್ಪ ಕಾಯಬೇಕು

ಗೋಲ್‌ಕೀಪರ್, ನಡುವಿನ ಡಿಫೆಂಡರ್, ಮಿಡ್‌ಫೀಲ್ಡ್ ಹಿಡಿದಿಡುವವನು, ಗೋಲು ಹೊಡೆಯುವವನು. ತಂಡದ ಬೆನ್ನು ಅಂದರೆ ಈ ನಾಲ್ಕು ಜನ. ಒಂದು ಬೇಸಿಗೆಯಲ್ಲಿ ಈ ನಾಲ್ವರಲ್ಲಿ ಒಬ್ಬನಿಗಿಂತ ಜಾಸ್ತಿ ಕಳಿಸಬೇಡಿ. ಉಳಿದ ಜಾಗಗಳಲ್ಲಿ ಇಬ್ಬರು ಹೋದರೂ ತಂಡ ತಡೆದುಕೊಳ್ಳುತ್ತದೆ. ನಮ್ಮ ಅಂಗಡಿಗೆ ಜೋಳ ತರುವ ರೈತರು ಎಷ್ಟೇ ಅಡಚಣೆ ಇರಲಿ, ಬೀಜಕ್ಕೆ ಬೇಕಾದಷ್ಟು ಮನೆಯಲ್ಲಿ ತೆಗೆದಿಟ್ಟೇ ಚೀಲ ಹೊಲಿಯುತ್ತಾರೆ. ಅಷ್ಟು ಎಚ್ಚರ ನಮಗೂ ಬೇಕು.

ಐಜ್ವಾಲ್ ಎಫ್‌ಸಿ ಕಥೆ ನೆನಪಿದೆಯಲ್ವಾ? ಮಿಜೋರಾಂನ ಸಣ್ಣ ಕ್ಲಬ್. 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ 1-1 ಡ್ರಾ ಮಾಡಿ ಐ-ಲೀಗ್ ಗೆದ್ದಿತು. ಮೋಹನ್ ಬಗಾನ್‌ಗಿಂತ ಒಂದೇ ಅಂಕ ಮುಂದೆ. ದೇಶವೇ ತಿರುಗಿ ನೋಡಿತು. ಅದೇ ಬೇಸಿಗೆಯಲ್ಲಿ ಕೋಚ್ ಖಾಲಿದ್ ಜಮೀಲ್ ಈಸ್ಟ್ ಬೆಂಗಾಲ್‌ಗೆ ಹೋದರು, ಮಿಡ್‌ಫೀಲ್ಡರ್ ಅಲ್ ಆಮ್ನಾ ಕೂಡ ಅಲ್ಲಿಗೇ. ಜಯೇಶ್ ರಾಣೆ, ಆಶುತೋಷ್ ಮೆಹ್ತಾ ಕೋಲ್ಕತ್ತಾದ ಎಟಿಕೆಗೆ, ಲಾಲ್‌ರುವಾತ್ತಾರಾ ಕೇರಳ ಬ್ಲಾಸ್ಟರ್ಸ್‌ಗೆ. ಆಟಗಾರರ ತಪ್ಪು ಅನ್ನಲಾರೆ. ಅವರಿಗೆ ಸಿಕ್ಕ ಅವಕಾಶ ಅದು. ಆದರೆ ಬೆನ್ನಿಡೀ ಒಂದೇ ಬೇಸಿಗೆಯಲ್ಲಿ ಹೋದರೆ ಚಾಂಪಿಯನ್ ತಂಡಕ್ಕೂ ಮತ್ತೆ ಎದ್ದು ನಿಲ್ಲುವುದು ಎಷ್ಟು ಕಷ್ಟ ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದು.

ಇನ್ನೊಂದು ಕಡೆ ಲಂಡನ್ನಿನ ಬ್ರೆಂಟ್‌ಫರ್ಡ್. 2019ರಲ್ಲಿ ಮುಖ್ಯ ಸ್ಟ್ರೈಕರ್ ಮೊಪೇಯನ್ನು ಬ್ರೈಟನ್‌ಗೆ ಮಾರಿದರು. ಅಲ್ಲಿಯವರೆಗೆ ಅಂಚಿನಲ್ಲಿ ಆಡುತ್ತಿದ್ದ ಓಲಿ ವಾಟ್ಕಿನ್ಸ್‌ನನ್ನು ಆ ಜಾಗಕ್ಕೆ ತಂದರು. ಅವನು ಆ ಸೀಸನ್‌ನಲ್ಲಿ 26 ಗೋಲು ಹೊಡೆದ. 2020ರಲ್ಲಿ ಅವನನ್ನೂ ಆಸ್ಟನ್ ವಿಲ್ಲಾಗೆ ಮಾರಿದರು. ಇಲ್ಲಿ ದಿನಾಂಕ ಗಮನಿಸಿ. ವಾಟ್ಕಿನ್ಸ್ ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಅವನ ಜಾಗಕ್ಕೆ ಐವನ್ ಟೋನಿಯನ್ನು ಪೀಟರ್‌ಬರೋದಿಂದ ತಂದಿದ್ದು ಆಗಸ್ಟ್ ಕೊನೆಯಲ್ಲಿ. ಹೊಸಬ ಬಂದು ಕೂತ ಮೇಲೆ ಹಳಬನಿಗೆ ಬಾಗಿಲು ತೆರೆದರು. ಟೋನಿ ಆ ಲೀಗ್‌ನಲ್ಲಿ 31 ಗೋಲು ಹೊಡೆದ. 2021ರ ಮೇನಲ್ಲಿ ವೆಂಬ್ಲಿಯಲ್ಲಿ ಸ್ವಾನ್‌ಸಿಯನ್ನು 2-0ಯಿಂದ ಸೋಲಿಸಿ ಬ್ರೆಂಟ್‌ಫರ್ಡ್ 74 ವರ್ಷಗಳ ನಂತರ ಮೇಲಿನ ಲೀಗ್‌ಗೆ ಹತ್ತಿತು. ಎರಡು ವರ್ಷದಲ್ಲಿ ಇಬ್ಬರು ಸ್ಟ್ರೈಕರ್‌ಗಳನ್ನು ಮಾರಿಯೂ ಮೇಲೆ ಹೋದರು.

ಅವರ ಹಾಗೆ ಕೊಂಡು ತರುವ ಶಕ್ತಿ ನಮಗಿಲ್ಲ. ನಮ್ಮ ಟೋನಿ 17ರೊಳಗಿನವರ ತಂಡದಲ್ಲೇ ಇರಬೇಕು. ಅದಕ್ಕೆ ನಾನು ಕೋಚ್ ಜೊತೆ ಮಾಡಿಕೊಂಡ ಒಪ್ಪಂದ ಇದು: ಪೆನ್ಸಿಲ್ ಹೆಸರಿನ ಹುಡುಗ ಆ ಸೀಸನ್‌ನ ಮೂರರಲ್ಲಿ ಒಂದು ಪಾಲು ನಿಮಿಷವಾದರೂ ದೊಡ್ಡವರ ಪಂದ್ಯದಲ್ಲಿ, ಅದೇ ಜಾಗದಲ್ಲಿ ಆಡಿರಬೇಕು. ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿದ್ದಾನೆ ಅನ್ನುವುದು ಲೆಕ್ಕಕ್ಕಿಲ್ಲ. ಸುಮ್ನೆ ಕೊನೆಯ ಐದು ನಿಮಿಷ ಇಳಿಸುವುದೂ ಲೆಕ್ಕಕ್ಕಿಲ್ಲ. ಇದರಿಂದ ಒಂದೆರಡು ಅಂಕ ಕಳೆದುಕೊಳ್ಳಬೇಕಾಗಬಹುದು. ಕಳೆದುಕೊಳ್ಳಿ. ಮುಂದಿನ ವರ್ಷದ ತಂಡವನ್ನು ಈ ವರ್ಷವೇ ಕಟ್ಟುವುದಕ್ಕೆ ತೆರುವ ಬೆಲೆ ಅದು, ಮತ್ತು ಕಮ್ಮಿ ಬೆಲೆ.

ಹುಡುಗನ ಮನೆ

ದೊಡ್ಡ ಕ್ಲಬ್‌ನವರ ಜೊತೆ ಮಾತಾಡುವ ಮುಂಚೆ ಅವನ ಮನೆಗೆ ಹೋಗಿ. ಫೋನಿನಲ್ಲಿ ಮುಗಿಸಬೇಡಿ. ಅವ್ವ ಕೇಳುವ ಮೊದಲ ಪ್ರಶ್ನೆ ದುಡ್ಡಿನದು ಆಗಿರುವುದಿಲ್ಲ.

‘ಅಕ್ಕಾರ, ಅಲ್ಲಿ ಅವಗ ರೊಟ್ಟಿ ಸಿಗತಾವೇನ್ರಿ?’

ಇದನ್ನು ಸಣ್ಣ ಪ್ರಶ್ನೆ ಅಂದುಕೊಳ್ಳಬೇಡಿ. ಹಾಸ್ಟೆಲ್‌ನಲ್ಲಿ ಊಟ ಸೇರದೆ ತೂಕ ಇಳಿದು ವಾಪಸ್ ಬರುವ ಹುಡುಗರಿದ್ದಾರೆ. ಅಪ್ಪ ಕೇಳುವುದು ಶಾಲೆಯ ಬಗ್ಗೆ. ‘ಸಾಲಿ ಬಿಡಸ್ತಾರೇನ್ರಿ?’ ಅದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ: ‘ಸಾಲಿ ಬಿಡಸೂದಾದ್ರ ಕಳಸೂದ ಬ್ಯಾಡ್ರಿ ಕಾಕಾ.’ ಎಸ್ಸೆಸ್ಸೆಲ್ಸಿ ವರ್ಷ ಇದ್ದರೆ ಪರೀಕ್ಷೆ ಮುಗಿದ ಮೇಲೇ ಹೋಗಲಿ.

ಹೋಗುವ ಕಡೆಯಿಂದ ಬರಹದಲ್ಲಿ ಕೇಳಬೇಕಾದ್ದು ಇಷ್ಟು. ಎಲ್ಲಿ ಮಲಗುತ್ತಾನೆ, ಒಂದು ಕೋಣೆಗೆ ಎಷ್ಟು ಜನ? ಯಾವ ಶಾಲೆ, ಫೀ ಯಾರದು? ಮೊಣಕಾಲಿನ ಲಿಗಮೆಂಟ್ ಹರಿದರೆ ಆಪರೇಷನ್ ಖರ್ಚು ಯಾರದು, ಆಮೇಲಿನ ಆರೆಂಟು ತಿಂಗಳು ಅವನು ಎಲ್ಲಿರುತ್ತಾನೆ? ಬೇಡ ಅನಿಸಿದರೆ ವಾಪಸ್ ಕಳಿಸುವಾಗ ಎನ್‌ಒಸಿ, ಅಂದರೆ ಬೇರೆ ಕ್ಲಬ್‌ಗೆ ಹೋಗಲು ಅಡ್ಡಿಯಿಲ್ಲ ಅನ್ನುವ ಪತ್ರ, ತಡವಿಲ್ಲದೆ ಕೊಡುತ್ತಾರಾ? ಕರಾರು ಎಷ್ಟು ವರ್ಷದ್ದು? ಫಿಫಾ ನಿಯಮದ ಪ್ರಕಾರ 18 ತುಂಬದವನ ವೃತ್ತಿಪರ ಕರಾರು ಮೂರು ವರ್ಷ ಮೀರುವಂತಿಲ್ಲ. ನಮ್ಮ ಕಾನೂನಿನಲ್ಲೂ 18ರೊಳಗಿನವನ ಸಹಿ ಒಂದೇ ಸಾಲದು, ಪಾಲಕರು ಓದಿ ಸಹಿ ಮಾಡಬೇಕು. ಕಾಗದ ಇಂಗ್ಲಿಷಿನಲ್ಲಿದ್ದರೆ ಯಾರಾದರೂ ಕೂತು ಕನ್ನಡದಲ್ಲಿ ಸಾಲು ಸಾಲಾಗಿ ಹೇಳಲಿ. ವಿದೇಶಕ್ಕೆ ಕರೆದೊಯ್ಯುತ್ತೇವೆ ಅಂತ ಯಾರಾದರೂ 16ರ ಹುಡುಗನ ಮನೆಗೆ ಬಂದರೆ ಅನುಮಾನ ಪಡಿ. ಕೆಲವೇ ವಿನಾಯಿತಿ ಬಿಟ್ಟರೆ 18ಕ್ಕೆ ಮುಂಚೆ ದೇಶದಿಂದ ದೇಶಕ್ಕೆ ವರ್ಗಾವಣೆ ಇಲ್ಲ.

ಕೆಲವರು ಎನ್‌ಒಸಿ ಕೊಡದೆ ಹುಡುಗನನ್ನು ಕಟ್ಟಿಹಾಕುತ್ತಾರೆ. ಇದನ್ನು ಮಾಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಹುಡುಗರೆಲ್ಲ ಮೊಬೈಲಿನಲ್ಲಿ ನೋಡಿ ಕುಣಿದರು. ಆ ಅಂಗಿ ತೊಡುವ ಆಸೆ ಅವರಿಗೂ ಇದೆ. ಆಯ್ಕೆ ಮಾಡುವವರ ಕಣ್ಣಿಗೆ ಬೀಳಬೇಕಂದರೆ ಬೆಂಗಳೂರಿನ ಲೀಗ್‌ನಲ್ಲಿ ಆಡಬೇಕು. ಕಟ್ಟಿಹಾಕಿದ ಹುಡುಗ ಮನಸ್ಸಿಟ್ಟು ಆಡುವುದಿಲ್ಲ, ಅವನನ್ನು ನೋಡಿದ ಚಿಕ್ಕವರ ಮನೆಯವರು ನಿಮ್ಮಲ್ಲಿಗೆ ಮಕ್ಕಳನ್ನು ಕಳಿಸುವುದಿಲ್ಲ.

ಮಾತಿಗೆ ಕೂತಾಗ

ಮೊದಲು ಎದುರಿನವರೇ ಹೇಳಲಿ. ಅವಸರ ಮಾಡಿದರೆ ‘ಕಮಿಟಿ ಕೇಳಿ ಸೋಮವಾರ ಹೇಳುತ್ತೇನೆ’ ಅನ್ನಿ. ನಾಳೆಯೇ ಬೇಕು ಅನ್ನುವ ಹುಡುಗ ಸೋಮವಾರವೂ ಬೇಕಾಗಿರುತ್ತಾನೆ.

ನಗದು ಕಡಿಮೆ ಇದ್ದರೆ ಬೇರೆ ರೂಪದಲ್ಲಿ ಕೇಳಿ. ನಮ್ಮ ಸಹಾಯಕ ಕೋಚ್‌ನ ಲೈಸೆನ್ಸ್ ಕೋರ್ಸಿನ ಫೀ. ನಮ್ಮ ಚಿಕ್ಕವರ ತಂಡಕ್ಕೆ ಅವರ ಮೈದಾನದಲ್ಲಿ ಎರಡು ಪಂದ್ಯ. ರೈಲು ಖರ್ಚು ನಾವು ನೋಡಿಕೊಂಡರೂ ಆ ಅನುಭವ ಇಲ್ಲಿ ಸಿಗುವಂಥದ್ದಲ್ಲ. ಅಲ್ಲಿ ಆಡುವ ಅವಕಾಶ ಸಿಗದಿದ್ದರೆ ಅರ್ಧ ಸೀಸನ್ ಹುಡುಗನನ್ನು ನಮಗೇ ವಾಪಸ್ ಆಡಲು ಬಿಡುವ ಮಾತು. ಮುಂದಿನ ಮಾರಾಟದಲ್ಲಿ ಪಾಲು ಮಾತ್ರ ಬಿಡಬೇಡಿ. ನೂರಕ್ಕೆ ಇಪ್ಪತ್ತರಿಂದ ಶುರು ಮಾಡಿ, ಹತ್ತಕ್ಕೆ ನಿಲ್ಲಿ.

ಎಲ್ಲವೂ ಕಾಗದದ ಮೇಲೆ, ದಿನಾಂಕ ಹಾಕಿ, ಎರಡೂ ಕಡೆಯ ಸಹಿ ಮತ್ತು ಸೀಲ್ ಸಮೇತ. ಒಂದು ದೊಡ್ಡ ಕ್ಲಬ್ ನಮ್ಮ ಡಿಫೆಂಡರ್‌ನನ್ನು ಕರೆದುಕೊಂಡು ಹೋಗುವಾಗ ಚೆಂಡು, ಜೆರ್ಸಿ, ಗೋಲ್ ನೆಟ್ ಕಳಿಸುತ್ತೇವೆ ಅಂತ ಬಾಯಿಮಾತಿನಲ್ಲಿ ಹೇಳಿತ್ತು. ಹುಡುಗ ಅಲ್ಲಿ ಎರಡು ಸೀಸನ್ ಆಡಿದ. ನೆಟ್ ಇನ್ನೂ ಬಂದಿಲ್ಲ. ಕಂತಿನಲ್ಲಿ ಕೊಡುತ್ತೇವೆ ಅಂದರೆ ಒಪ್ಪಬಹುದು, ಆದರೆ ಮೊದಲ ಕಂತು ಖಾತೆಗೆ ಬಿದ್ದ ಮೇಲೆ ಎನ್‌ಒಸಿ. ಹಣ ತಡವಾದರೆ ಹುಡುಗನ ದಾರಿ ತಪ್ಪದ ಹಾಗೆ ಇದನ್ನು ಟ್ರಾನ್ಸ್‌ಫರ್ ಅವಧಿ (ಆಟಗಾರರು ಕ್ಲಬ್ ಬದಲಿಸಬಹುದಾದ ದಿನಗಳು) ಮುಗಿಯುವುದಕ್ಕೆ ಎರಡು ವಾರ ಮುಂಚೆಯೇ ಮುಗಿಸಿ.

ಬಂದ ಹಣ

ನಾನು ಅರ್ಧವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡುತ್ತೇನೆ. ಉಳಿದದ್ದು 12ರಿಂದ 15ರ ಹುಡುಗರಿಗೆ: ಅವರಿಗೇ ಒಬ್ಬ ಕೋಚ್, ಅವರ ಅಳತೆಯ ಬೂಟು, ಅವರ ಪಂದ್ಯಗಳ ಪ್ರಯಾಣ. ದೊಡ್ಡವರ ತಂಡಕ್ಕೆ ಹೊರಗಿನಿಂದ ಒಬ್ಬ ಸ್ಟ್ರೈಕರ್ ತರೋಣ ಅಂತ ಕಮಿಟಿಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಸ್ಟ್ರೈಕರ್ ಒಂದು ಸೀಸನ್ ಇರುತ್ತಾನೆ, ದುಡ್ಡು ಅವನ ಜೊತೆ ಹೋಗುತ್ತದೆ. ಎಷ್ಟು ಬಂತು, ಎಲ್ಲಿ ಹೋಯಿತು ಅನ್ನುವುದನ್ನು ವಾರ್ಷಿಕ ಸಭೆಯಲ್ಲಿ ಪಾಲಕರ ಎದುರು ಗಟ್ಟಿಯಾಗಿ ಓದಿ.

ಹೋದ ಹುಡುಗನ ಪುಟ ಮುಚ್ಚಬೇಡಿ. ಅವನಿಗೆ 23 ತುಂಬುವವರೆಗೆ ಪ್ರತಿ ಟ್ರಾನ್ಸ್‌ಫರ್ ಅವಧಿ ಮುಗಿದ ಮೇಲೆ ಫೋನ್ ಮಾಡಿ. ಮೊಣಕಾಲು ಹೇಗಿದೆ, ಪರೀಕ್ಷೆ ಏನಾಯಿತು ಅಂತ ಕೇಳಿ. ಎಲ್ಲಿ ಆಡುತ್ತಿದ್ದಾನೆ ಅನ್ನುವುದನ್ನು ಪುಟದಲ್ಲಿ ಬರೆದುಕೊಳ್ಳಿ. ಆಮೇಲೂ ವರ್ಷಕ್ಕೊಮ್ಮೆ ವಿಚಾರಿಸಿ. ಸಾಲಿಡಾರಿಟಿ ಪಾಲು ಅವನು 30ಕ್ಕೆ ವಿದೇಶಕ್ಕೆ ಹೋದರೂ ಬರುತ್ತದೆ. 2022ರ ನವೆಂಬರ್‌ನಿಂದ ಈ ಹಣ ಹಂಚುವ ಕೆಲಸವನ್ನು ಫಿಫಾದ ಕ್ಲಿಯರಿಂಗ್ ಹೌಸ್ ಮಾಡುತ್ತಿದೆ. ಆದರೆ ಅದು ಓದುವುದು ನೋಂದಣಿಯ ದಾಖಲೆಯನ್ನು. ನಿಮ್ಮ ಕ್ಲಬ್ ಹೆಸರು, ಸೇರಿದ ದಿನ, ಬಿಟ್ಟ ದಿನ ಅಲ್ಲಿ ಸರಿಯಾಗಿದೆಯಾ ಅಂತ ಹುಡುಗ ಹೊರಟ ವಾರವೇ ನೋಡಿ, ತಪ್ಪಿದ್ದರೆ ರಾಜ್ಯ ಸಂಸ್ಥೆಗೆ ಅವತ್ತೇ ಪತ್ರ ಬರೆದು ಸ್ವೀಕೃತಿ ಪಡೆದಿಟ್ಟುಕೊಳ್ಳಿ.